‘ಬಾಲ್ಡರ್ಸ್ ಗೇಟ್’ ಕಥಾಕ್ರೀಡೆಗಳಲ್ಲಿ ನಾಯಕ–ಪ್ರತಿನಾಯಕ ವಿಚಾರ

ನಾಯಕನು ಎಂತಹವನೆಂಬುದನ್ನು ಕವಿಯು ನಿರ್ಣಯಿಸದೆ ಬಿಟ್ಟ ಪಕ್ಷದಲ್ಲಿ ಪ್ರತಿನಾಯಕನ ರಚನೆಯು ಯಾವ ಬಗೆಯದಾಗಬೇಕು? ಈ ಪ್ರಶ್ನೆಯು ನಮ್ಮ ಲಾಕ್ಷಣಿಕರ ಮುಂದೆ ಬಂದುದಾಗಿ ಕಾಣೆನು. ಬರತಕ್ಕ ಸಂಭವವೂ ಇರಲಿಲ್ಲ. ದೃಶ್ಯವೇ ಆಗಲಿ ಶ್ರವ್ಯವೇ ಆಗಲಿ, ನೇತೃವು ಕವಿಯ ಮನಸ್ಸಿನಲ್ಲಿ ಮೊದಲೇ ಸಿದ್ಧನಾಗಿರುವನು. ವಸ್ತು, ನೇತೃ, ರಸ ಎಂಬ ಮೂರರಿಂದಲೇ ರೂಪಕಗಳು ಒಂದರಿಂದೊಂದು ಭೇದವನ್ನು ಹೊಂದುವುವೆಂದು ಧನಂಜಯನು ದಶರೂಪಕದಲ್ಲಿ ಹೇಳಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಆದರೆ ಈಚಿನ ಕೆಲವು ದಶಕಗಳಲ್ಲಿ ಪಾಶ್ಚಾತ್ಯದೇಶಗಳಲ್ಲಿಯೂ ಜಪಾನಿನಲ್ಲಿಯೂ ಕಂಪ್ಯೂಟರಿನ ಮೂಲಕ ಆಡತಕ್ಕ ಒಂದು ಜಾತಿಯ ಕಥಾಕ್ರೀಡೆ ಬೆಳೆದುಬಂದಿದೆ. ರೋಲ್ ಪ್ಲೇಯಿಂಗ್ ಗೇಮ್ ಎಂದು ಅದಕ್ಕೆ ಹೆಸರು; ಪಾತ್ರಧಾರಣದ ಆಟವೆಂದು ನಾವು ಕರೆಯಬಹುದು. ಈ ಆಟಗಳಲ್ಲಿ ಕಥೆಯುಂಟು, ಸಂಭಾಷಣೆಯುಂಟು, ಚಿತ್ರವೂ ವಾದ್ಯವೂ ಉಂಟು. ನಾಯಕನಿರತಕ್ಕ ಸ್ಥಾನವು ಮಾತ್ರ ಬರಿದಾಗಿರುವುದು. ಆಡತಕ್ಕವನು ಆ ಸ್ಥಾನದಲ್ಲಿ ತಾನೇ ಕುಳಿತು, ನಾಯಕನ ಹೆಸರು, ಕುಲ, ವೃತ್ತಿ, ಶೀಲ ಇವನ್ನೆಲ್ಲ ಆರಿಸಿಕೊಂಡು, ಎದುರಾದವರಿಗೆ ಯಾವ ಉತ್ತರವನ್ನು ಕೊಡಬೇಕೆಂಬುದನ್ನು ಹೆಜ್ಜೆಹೆಜ್ಜೆಗೂ ತಾನೇ ನಿಶ್ಚಯಿಸುವನು. ಪ್ರತಿನಾಯಕನಾದರೋ ಪೂರ್ಣವಾಗಿ ಕವಿಕೃತನು. ಅವನ ಮಾತನ್ನು ಆಡುವವನು ಬದಲಿಸಲಾರನು.

ಇಂತಹವುಗಳಲ್ಲಿ ಪರಸ್ಪರ ಸಂಬಂಧವುಳ್ಳ ಎರಡನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿದೆ. ಕೆನಡಾ ದೇಶದ ಎಡ್ಮಂಟನ್ ನಗರದಲ್ಲಿ 1995ರಲ್ಲಿ ಕೆಲವರು ವೈದ್ಯರು ಕೂಡಿ ಸ್ಥಾಪಿಸಿದ ಬಯೋವೇರ್ ಎಂಬ ಸಂಸ್ಥೆಯು ‘ಬಾಲ್ಡರ್ಸ್ ಗೇಟ್’ ಎಂಬ ಆಟವನ್ನು 1998ರ ಡಿಸೆಂಬರಿನಲ್ಲಿಯೂ, ಅದರ ಉತ್ತರಕಥೆಯಾದ ‘ಶ್ಯಾಡೋಸ್ ಆಫ್ ಆಮ್ನ್’ ಎಂಬುದನ್ನು 2000ದ ಸೆಪ್ಟೆಂಬರಿನಲ್ಲಿಯೂ ಹೊರತಂದಿತು. ‘ಥ್ರೋನ್ ಆಫ್ ಭಾಲ್’ ಎಂಬ ಪರಿಶಿಷ್ಟವು 2001ರಲ್ಲಿ ಬಂದಿತು. ಇವುಗಳ ನಿಯಮಗಳು ಅಮೆರಿಕದಲ್ಲಿ 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದವು. ಅದು ಮೇಜಿನ ಸುತ್ತ ಕುಳಿತು ದಾಳಗಳನ್ನು ಉರುಳಿಸಿ ಕಥೆಯನ್ನು ಬೆಳೆಸತಕ್ಕ ಆಟ. ಕಥೆ ನಡೆಯುವ ಲೋಕವಾದರೋ ಎಡ್ ಗ್ರೀನ್‌ವುಡ್ ಎಂಬ ಕೆನಡಾದ ಲೇಖಕನು ಕಲ್ಪಿಸಿದುದು. 2023ರಲ್ಲಿ ಬೆಲ್ಜಿಯಮ್ಮಿನ ಲೇರಿಯನ್ ಸಂಸ್ಥೆಯು ಇದೇ ಹೆಸರಿನಿಂದ ಮೂರನೆಯದೊಂದನ್ನು ರಚಿಸಿದೆ. ಅದರ ಕಥೆ ನೂರು ವರ್ಷಗಳಿಗೂ ಮೇಲ್ಪಟ್ಟು ಮುಂದಿನದು, ನಾಯಕನೂ ಬೇರೆ. ಆದುದರಿಂದ ಅದನ್ನು ಇಲ್ಲಿ ಬಿಟ್ಟಿದೆ.

ವ್ಯಾಕರಣಾಲಂಕಾರಗಳನ್ನು ಪಾಠಶಾಲೆಯಲ್ಲಿ ಓದಿದವನಿಗೆ ಈ ಗೊಡವೆ ಏಕೆಂದು ಕೇಳುವವರುಂಟು. ನನ್ನ ಸೋದರಳಿಯನು ಕಂಪ್ಯೂಟರ್ ಬಲ್ಲವನು. ಎರಡು ಮಳೆಗಾಲಗಳ ಸಂಜೆಗಳಲ್ಲಿ ಅವನು ನನ್ನ ಪಕ್ಕದಲ್ಲಿ ಕುಳಿತು ಈ ಎರಡು ಆಟಗಳನ್ನೂ ಆಡಿಸಿದನು. ಮೊದಲು ಕುತೂಹಲದಿಂದ ತೊಡಗಿದ್ದು ಆಮೇಲೆ ಶಾಸ್ತ್ರಚಿಂತೆಯಾಯಿತು. ಒಂದು ಸಂಗತಿಯನ್ನು ಮುಚ್ಚಿಡದೆ ಹೇಳುತ್ತೇನೆ. ಮೊದಲನೆಯ ಕಥೆಯು ಪ್ರಾರಂಭವಾಗುವುದು ಕ್ಯಾಂಡಲ್‌ಕೀಪ್ ಎಂಬ ಸಮುದ್ರತೀರದ ಕೋಟೆಯಲ್ಲಿ. ಅದೊಂದು ದೊಡ್ಡ ಸರಸ್ವತೀ ಭಂಡಾರ. ಬೆಲೆಬಾಳುವ ಒಂದು ಗ್ರಂಥವನ್ನು ಒಪ್ಪಿಸದವನಿಗೆ ಒಳಗೆ ಪ್ರವೇಶವಿಲ್ಲ. ಅಂತಹ ಊರನ್ನು ಬಿಟ್ಟು ಹೊರಡಲು ನನಗೆ ಮನಸ್ಸೇ ಬರಲಿಲ್ಲ. ಮೂರು ಸಂಜೆ ಅಲ್ಲಿಯೇ ಕಳೆದೆನು. ಸೋದರಳಿಯನು ಬೇಸತ್ತು, “ಮಾವ, ಕಥೆ ಇರುವುದು ಕೋಟೆಯ ಹೊರಗೆ” ಎಂದನು. ಹೊರಗೆ ಬಂದ ಕೆಲವು ಗಳಿಗೆಗಳಲ್ಲಿಯೇ ತೋಳವೊಂದು ನನ್ನ ನಾಯಕನನ್ನು ಕೊಂದಿತು.

ಈ ಸಾವೂ ಒಂದು ವಿಚಾರಣೀಯ ವಿಷಯವೇ. ನಾಯಕವಧವನ್ನು ರಂಗದಲ್ಲಿ ತೋರಿಸಬಾರದೆಂದು ನಮ್ಮವರ ನಿಷೇಧ. ಈ ಆಟದಲ್ಲಿ ನಾಯಕನು ನೂರು ಸಲ ಸಾಯುವನು. ಸತ್ತೊಡನೆ ಆಟವು ಹಿಂದಕ್ಕೆ ಸರಿದು, ಆ ಮರಣವು ನಡೆಯಲೇ ಇಲ್ಲವೆಂಬಂತೆ ಮೊದಲಿನಿಂದ ಸಾಗುವುದು. ಲಿಪಿಕಾರನ ಕೈತಪ್ಪಿನಿಂದ ಬಂದ ಅಪಪಾಠವನ್ನು ಪರಿಷ್ಕರಣಕಾರನು ತೆಗೆದುಹಾಕುವಂತೆ, ಸಾವುಗಳೆಲ್ಲ ಕಳೆದು ಬದುಕಿದ ಪಾಠವೊಂದೇ ಕಥೆಯಾಗಿ ನಿಲ್ಲುವುದು. ನಿಷೇಧವು ಹೀಗೆ ಬೇರೊಂದು ದಾರಿಯಿಂದ ಪಾಲಿತವೇ ಆಯಿತು. ಇರಲಿ, ಪ್ರಕೃತವನ್ನು ಅನುಸರಿಸೋಣ.

ಕಥಾಶರೀರವು ಸಂಕ್ಷೇಪವಾಗಿ ಇಂತಿದೆ. ಭಾಲ್ ಎಂಬುವನು ಕೊಲೆಗೆ ಅಧಿದೇವತೆ. ತನಗೆ ಮೃತ್ಯುವುಂಟೆಂದು ಮುಂಗಂಡು, ಮರ್ತ್ಯಸ್ತ್ರೀಯರಲ್ಲಿ ಅನೇಕ ಮಕ್ಕಳನ್ನು ಪಡೆದು ಸತ್ತನು. ಆ ಮಕ್ಕಳಲ್ಲಿರುವ ಅಂಶಗಳ ಮೂಲಕ ತಾನು ಮತ್ತೆ ಹುಟ್ಟಬೇಕೆಂಬುದು ಅವನ ಹಂಚಿಕೆ. ನಮ್ಮ ನಾಯಕನು ಅಂತಹ ಮಕ್ಕಳಲ್ಲೊಬ್ಬನು. ಆದರೆ ಅದನ್ನು ಅರಿಯನು. ಗೋರಿಯನ್ ಎಂಬ ವೃದ್ಧ ಜ್ಞಾನಿಯು ಅವನನ್ನು ಕ್ಯಾಂಡಲ್‌ಕೀಪಿನಲ್ಲಿ ಮಗನಂತೆ ಸಾಕಿರುವನು. ಒಂದು ರಾತ್ರಿ ಗೋರಿಯನನು ಅವನನ್ನು ಕರೆದುಕೊಂಡು ಗುಟ್ಟಾಗಿ ಹೊರಡುವನು. ದಾರಿಯಲ್ಲಿ ಕವಚಧಾರಿಯೊಬ್ಬನು ಅಡ್ಡಗಟ್ಟಿ, ಹುಡುಗನನ್ನು ತನಗೊಪ್ಪಿಸಬೇಕೆಂದು ಕೇಳಿ, ಒಪ್ಪದ ಗೋರಿಯನನನ್ನು ಕೊಲ್ಲುವನು. ಆ ಕವಚಧಾರಿಯೇ ಸಾರೆವೋಕ್, ಭಾಲನ ಇನ್ನೊಬ್ಬ ಮಗ. ಎಂದರೆ ಪ್ರತಿನಾಯಕನು ನಾಯಕನಿಗೆ ಮಲಸಹೋದರನು, ದಾಯಾದಿ.

ಪ್ರತಿನಾಯಕನು ಲೋಭಿ, ಧೀರೋದ್ಧತ, ಸ್ತಬ್ಧ, ಪಾಪಕಾರಿ, ವ್ಯಸನಿ ಆಗಿರಬೇಕೆಂದು ದಶರೂಪಕದ ಲಕ್ಷಣ. ರಾಮನಿಗೆ ರಾವಣ, ಯುಧಿಷ್ಠಿರನಿಗೆ ದುರ್ಯೋಧನ ಎಂಬುದು ಧನಿಕನು ಕೊಟ್ಟ ಉದಾಹರಣೆ. ಸಾರೆವೋಕನಲ್ಲಿ ಈ ಲಕ್ಷಣದ ಒಂದು ಪದವೂ ವ್ಯರ್ಥವಾಗುವುದಿಲ್ಲ. ಗಣಿಯ ಅದುರಿಗೆ ವಿಷದ್ರವವನ್ನು ಹೊಯ್ಯಿಸಿ ನಾಡಿನ ಕಬ್ಬಿಣವನ್ನೆಲ್ಲ ಹೊರಡಾಗುವಂತೆ ಮಾಡಿಸುವನು; ಒಳ್ಳೆಯ ಕಬ್ಬಿಣವನ್ನು ಕಳ್ಳರ ತಂಡಗಳಿಂದ ಹೊಡೆಸಿ ಕೂಡಿಡುವನು; ಬಾಲ್ಡರ್ಸ್ ಗೇಟ್ ಎಂಬ ನಗರಕ್ಕೂ ದಕ್ಷಿಣದ ಆಮ್ನ್ ರಾಜ್ಯಕ್ಕೂ ಯುದ್ಧವನ್ನು ಹೊತ್ತಿಸಲು ಯತ್ನಿಸುವನು. ಆ ಯುದ್ಧದಲ್ಲಿ ಸುರಿಯುವ ರಕ್ತದಿಂದಲೇ ತಾನು ತಂದೆಯ ದೇವಪದವಿಗೆ ಏರುವೆನೆಂದು ಅವನ ನಂಬಿಕೆ. ಇದರಲ್ಲಿ ಕವಿಕೌಶಲವೊಂದುಂಟು: ನಾಡಿನ ದುಸ್ಥಿತಿಯು ಮಾತಿನಲ್ಲಿ ಮಾತ್ರ ನಿಲ್ಲದೆ, ನಾಯಕನು ಹಿಡಿದ ಕತ್ತಿಯು ಹೋರಾಟದ ನಡುವೆ ಕೈಯಲ್ಲೇ ಮುರಿದುಬೀಳುವುದು. ಬೀಜವನ್ನು ಇಷ್ಟು ಮೆಲ್ಲಗೆ, ಇಷ್ಟು ಸಹಜವಾಗಿ ಬಿತ್ತಿದ ಕಥೆಗಳು ಅಪರೂಪ.

ಆದರೆ ಈ ಪ್ರತಿನಾಯಕನನ್ನು ನಾವು ಕಾಣುವುದು ಎಷ್ಟು ಸಲ? ಪೀಠಿಕಾದೃಶ್ಯದಲ್ಲಿ ಒಮ್ಮೆ, ಗೋರಿಯನನ ವಧೆಯಲ್ಲಿ ಒಮ್ಮೆ, ಕಡೆಯಲ್ಲಿ ನಗರದ ಅರಮನೆಯಲ್ಲಿಯೂ ಪಾತಾಳದ ಗುಡಿಯಲ್ಲಿಯೂ. ನಡುವಣ ದೀರ್ಘಭಾಗದಲ್ಲಿ ಅವನು ಪರದೆಯ ಹಿಂದೆಯೇ ಇರುವನು. ಕೊಲ್ಲಲ್ಪಟ್ಟ ಭಟರ ಜೇಬುಗಳಲ್ಲಿ ದೊರೆತ ಪತ್ರಗಳಿಂದ, ಒಂದರ ಹಿಂದೆ ಇನ್ನೊಂದನ್ನು ಜೋಡಿಸುತ್ತ, ನಾಯಕನು ಅವನ ಕಡೆಗೆ ನಡೆಯುವನು. ಪತ್ರವನ್ನೂ ಉಂಗುರವನ್ನೂ ಕಥೆಯ ಕೀಲಾಗಿ ಮಾಡುವ ತಂತ್ರವನ್ನು ಮುದ್ರಾರಾಕ್ಷಸವನ್ನು ಓದಿದವರು ಬಲ್ಲರು. ಇಲ್ಲಿಯೂ ಒಂದು ಉಂಗುರವುಂಟು. ನಾಯಕನು ಕ್ಯಾಂಡಲ್‌ಕೀಪಿಗೆ ಮರಳಿದಾಗ ಕೋವೆರಾಸ್ ಎಂಬುವನೊಬ್ಬನು ಬಂದು ಗೋರಿಯನನ ಮಿತ್ರನಂತೆ ನಟಿಸಿ ಉಂಗುರವನ್ನು ಕೊಡುವನು. ಆ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಡೆಯಿಂದ ಮೊದಲಿಗೆ ಓದಿದರೆ ಸಾರೆವೋಕ್ ಎಂದೇ ಆಗುವುದು! ಪ್ರತಿಲೋಮಾಕ್ಷರದ ಈ ಚಮತ್ಕಾರವನ್ನು ನಾನು ತಡವಾಗಿ ಕಂಡುಕೊಂಡೆನು. ಚಿತ್ರಕವಿತ್ವವನ್ನು ಅಧಮಕಾವ್ಯವೆಂದು ಎಷ್ಟೋ ಸಲ ಪಾಠ ಹೇಳಿದ ನನಗೆ ಅದು ತಕ್ಕ ಶಾಸ್ತಿಯಾಯಿತು.

ಚಮತ್ಕಾರವು ಶಬ್ದಮಾತ್ರದಲ್ಲಿ ನಿಲ್ಲದೆ ಅರ್ಥಕ್ಕೂ ಹಬ್ಬಿರುವುದು. ಸಾರೆವೋಕನು ನಾಯಕನ ಪ್ರತಿಲೋಮವೇ ಸರಿ. ಇಬ್ಬರಿಗೂ ತಂದೆ ಒಬ್ಬನು, ಇಬ್ಬರೂ ಸಾಕುಮಕ್ಕಳು. ಒಬ್ಬನ ಸಾಕುತಂದೆ ಮಗುವಿಗಾಗಿ ಪ್ರಾಣವನ್ನು ಕೊಟ್ಟನು. ಇನ್ನೊಬ್ಬನ ಸಾಕುತಂದೆಯಾದ ರೀಲ್ಟಾರ್ ಎಂಬ ವರ್ತಕನು ಹೆಂಡತಿಯನ್ನು ಆ ಹುಡುಗನ ಕಣ್ಣೆದುರಿಗೇ ಕೊಂದನು. ಬೀಜವು ಸಮಾನ, ಸಂಸ್ಕಾರವು ಭಿನ್ನ. ತನ್ನ ಜನ್ಮರಹಸ್ಯವು ತಿಳಿದಾಗ ಸಾರೆವೋಕನು ಅದನ್ನು ಹಕ್ಕೆಂದು ಬಗೆದನು. ನಾಯಕನಿಗೆ ಅದೇ ರಹಸ್ಯವು ಗೋರಿಯನನು ಬರೆದಿಟ್ಟ ಪತ್ರದ ಮೂಲಕ ತಿಳಿಯುವುದು. ಅವನು ಅದನ್ನು ಹಕ್ಕೆಂದು ಬಗೆಯುವನೋ ಹೊರೆಯೆಂದು ಬಗೆಯುವನೋ ಎಂಬುದನ್ನು ಕವಿಯು ಹೇಳುವುದಿಲ್ಲ, ಆಡುವವನು ಹೇಳಬೇಕು. ಆ ಮಾತಿಗೆ ಕಥೆಯಲ್ಲಿ ಫಲವೂ ಉಂಟು. ಅಧ್ಯಾಯಗಳ ನಡುವೆ ನಾಯಕನು ಕಾಣುವ ಕನಸುಗಳಲ್ಲಿ ತಂದೆಯ ಅಂಶವು ಅವನಿಗೆ ಶಕ್ತಿಗಳನ್ನು ಕೊಡುವುದು. ಸತ್ಕೀರ್ತಿಯುಳ್ಳವನಿಗೆ ಗಾಯವನ್ನು ಮಾಯಿಸುವ ಶಕ್ತಿ, ದುಷ್ಕೀರ್ತಿಯುಳ್ಳವನಿಗೆ ಪರರ ಪ್ರಾಣವನ್ನು ಹೀರುವ ಶಕ್ತಿ. ಕೊಲೆಯ ದೇವತೆಯ ಬೀಜವೂ ನಡತೆಗೆ ಬಾಗುವುದೆಂದು ಹೀಗೆ ಸೂಚಿತವಾಯಿತು. ಜೈನಪುರಾಣಗಳಲ್ಲಿ ವಾಸುದೇವನಿಗೆ ಪ್ರತಿವಾಸುದೇವನು ನಿಯತನಾಗಿರುವಂತೆ, ಇಲ್ಲಿಯೂ ಒಬ್ಬನಿಲ್ಲದೆ ಇನ್ನೊಬ್ಬನಿಗೆ ಅರ್ಥವಿಲ್ಲ.

ಒಂದು ದೋಷವನ್ನು ಹೇಳಲೇಬೇಕು. ಸಾರೆವೋಕನಿಗೆ ಟಮೋಕೊ ಎಂಬ ಪ್ರೇಯಸಿಯುಂಟು. ಅವಳು ನಾಯಕನ ಬಳಿಗೆ ತಾನೇ ಬಂದು, ತನ್ನವನನ್ನು ತಡೆಯಬೇಕು, ಆದರೆ ಕೊಲ್ಲದೆ ಉಳಿಸಬೇಕು ಎಂದು ಬೇಡುವಳು. ಕೇಳುವಾಗ ಮನಸ್ಸು ಕರಗುವುದು. ಆದರೆ ಪಾತಾಳದ ಗುಡಿಯಲ್ಲಿ ಅವನನ್ನು ಉಳಿಸುವ ಉಪಾಯವೊಂದನ್ನೂ ಕವಿಗಳು ಇಟ್ಟಿಲ್ಲ; ಕೊಂದಲ್ಲದೆ ಆಟ ಮುಗಿಯುವುದಿಲ್ಲ. ಮೊಳೆತ ಕರುಣದ ಬೀಜಕ್ಕೆ ನೀರೆರೆಯದೆ ಬಿಟ್ಟರು. ದುರ್ಯೋಧನನ ಮೇಲೆ ರನ್ನನು ತೋರಿದ ಔದಾರ್ಯವನ್ನು ಬಲ್ಲ ಕನ್ನಡಿಗನಿಗೆ ಇದು ಕೊರತೆಯಾಗಿಯೇ ಕಾಣುವುದು.

ಎರಡನೆಯ ಕಥೆಗೆ ಬರೋಣ. ಕಣ್ತೆರೆದಾಗ ನಾಯಕನು ನೆಲದಡಿಯ ಒಂದು ಪಂಜರದಲ್ಲಿರುವನು. ಐರೆನಿಕಸ್ ಎಂಬ ಮಾಂತ್ರಿಕನು ಅವನ ಮೇಲೆ ಏನೇನೋ ಪರೀಕ್ಷೆಗಳನ್ನು ನಡೆಸುತ್ತಿರುವನು. ಹಿಂದಿನ ಕಥೆಯಲ್ಲಿ ಜೊತೆಗಿದ್ದ ಖಾಲಿದನು ಅಲ್ಲಿಯೇ ಹೆಣವಾಗಿ ಬಿದ್ದಿರುವನು. ಅವನ ಹೆಂಡತಿ ಜಹೈರಾ ಅದನ್ನು ನೋಡುವಳು. ಮೊದಲನೆಯದರಲ್ಲಿ ಪ್ರತಿನಾಯಕನನ್ನು ಹುಡುಕಬೇಕಾಗಿತ್ತು. ಇಲ್ಲಿ ಅವನು ಮೊದಲ ಕ್ಷಣದಿಂದಲೇ ಎದುರಿಗಿರುವನು. ಮೊದಲನೆಯವನದು ಗರ್ಜನೆ, ಇವನದು ತಣ್ಣನೆಯ, ಏರಿಳಿತವಿಲ್ಲದ ಮಾತು. ಆ ಧ್ವನಿಯನ್ನು ಕೊಟ್ಟವನು 2022ರಲ್ಲಿ ತೀರಿಕೊಂಡ ಇಂಗ್ಲೆಂಡಿನ ನಟ ಡೇವಿಡ್ ವಾರ್ನರ್. ನಾಟ್ಯಶಾಸ್ತ್ರದಲ್ಲಿ ಕಾಕುವಿನ ವಿಚಾರವನ್ನು ಓದಿದವರು ಈ ನಟನ ಉಚ್ಚಾರಣೆಯನ್ನು ಒಮ್ಮೆ ಕೇಳಬೇಕು: ಕಾಕುವನ್ನು ಬಹುಮಟ್ಟಿಗೆ ಕಳೆದುಬಿಟ್ಟರೂ ಅದೇ ಒಂದು ಕಾಕುವಾಗುವ ಬಗೆ ಅಲ್ಲಿದೆ.

ಆ ನೆಲಮಾಳಿಗೆಯಲ್ಲಿ ಅಲೆದಾಡುವಾಗ ಒಂದು ಕೊಠಡಿ ಸಿಕ್ಕುವುದು. ಸುತ್ತಲಿನ ಪಂಜರ, ಗಾಜಿನ ಭಾಂಡ, ಹೆಣಗಳ ನಡುವೆ ಅದೊಂದು ಶಯ್ಯಾಗೃಹ, ಸ್ತ್ರೀಯೊಬ್ಬಳಿಗಾಗಿ ಓರಣವಾಗಿ ಅಲಂಕರಿಸಿದುದು. ಆದರೆ ಅಲ್ಲಿ ಯಾರೂ ಮಲಗಿದವರಲ್ಲ. ಮಾಂತ್ರಿಕನು ಸೆರೆಯಿಟ್ಟುಕೊಂಡ ಮೂವರು ವನದೇವತೆಯರು ಹೇಳುವರು: ತಮ್ಮನ್ನು ಅವನು ಇಟ್ಟುಕೊಂಡಿರುವುದು ಕಾಮದಿಂದಲ್ಲ, ಭಾವವೊಂದು ತನ್ನಲ್ಲಿ ಹುಟ್ಟೀತೋ ಎಂದು ನೋಡುವುದಕ್ಕೆ, ಅದು ಹುಟ್ಟಲಿಲ್ಲ. ಇನ್ನೊಂದು ಕಡೆ ಒಬ್ಬಳೇ ಸ್ತ್ರೀಯ ರೂಪವನ್ನು ಮತ್ತೆಮತ್ತೆ ಸೃಷ್ಟಿಸಲು ಯತ್ನಿಸಿ ಕೆಟ್ಟುಹೋದ ಪ್ರತಿಕೃತಿಗಳು. ಇದರ ಅರ್ಥವು ಆಗ ತಿಳಿಯದು. ನಾನಂತೂ ಅದನ್ನು ಕಾಮುಕನ ವಿಕಾರವೆಂದು ತಿಳಿದು ಮುಂದೆ ಹೋದೆನು.

ಅರ್ಥವಾಗುವುದು ಕಥೆಯ ಕಡೆಯಲ್ಲಿ. ಐರೆನಿಕಸನ ಮೊದಲ ಹೆಸರು ಜೋನೆಲೆತ್. ಅವನು ಎಲ್ಫರೆಂಬ ದೀರ್ಘಾಯುಷಿಗಳ ಕುಲದವನು, ಸುಲ್ಡನೆಸೆಲ್ಲಾರ್ ಎಂಬ ವನನಗರದ ರಾಣಿ ಎಲೆಸೀಮಳಿಗೆ ಪ್ರಿಯನಾಗಿದ್ದವನು. ಆ ನಗರದ ಜೀವವೃಕ್ಷದ ಸತ್ತ್ವವನ್ನು ಹೀರಿ ದೇವತೆಯಾಗಲು ತಂಗಿ ಬೋಧಿಯೊಡನೆ ಹೂಡಿದನು. (ಹೆಸರು ಬೋಧಿ, ಬೋಧೆಗೂ ಅವಳಿಗೂ ಯಾವ ಸಂಬಂಧವೂ ಇಲ್ಲ.) ಕೃತ್ಯವು ಬಯಲಾಗಿ, ಎಲ್ಫರ ಸ್ವಭಾವವನ್ನೇ ಅವರಿಂದ ಕಿತ್ತು ಗಡೀಪಾರು ಮಾಡಿದರು. ಬೋಧಿಯು ರಕ್ತಪಿಶಾಚಿಯಾದಳು. ಅವನು ತನ್ನ ಹಳೆಯ ಹೆಸರನ್ನು ಕಳೆದುಕೊಂಡು, ಹಳೆಯ ಭಾವಗಳನ್ನೂ ಕಳೆದುಕೊಂಡನು. ಎಲೆಸೀಮಳನ್ನು ಪ್ರೀತಿಸಿದ್ದೆನೆಂಬುದು ನೆನಪಿನಲ್ಲಿದೆ. ಪ್ರೀತಿಯು ಹೇಗಿತ್ತೆಂಬುದು ನೆನಪಿಲ್ಲ. ಶಯ್ಯಾಗೃಹವೂ ವನದೇವತೆಯರೂ ಪ್ರತಿಕೃತಿಗಳೂ, ಎಲ್ಲವೂ ಆ ಒಂದು ಭಾವವನ್ನು ಮರಳಿ ಎಬ್ಬಿಸಲು ಮಾಡಿದ ಪ್ರಯೋಗಗಳು. ಕಡೆಯಲ್ಲಿ ರಾಣಿಯು ಎದುರು ನಿಂತು ಕೇಳಿದಾಗ ಅವನು ಇದನ್ನು ಒಪ್ಪಿಕೊಳ್ಳುವನು, ಅದೇ ತಣ್ಣನೆಯ ಧ್ವನಿಯಲ್ಲಿ.

ರಸಶಾಸ್ತ್ರವನ್ನು ಓದಿದವನು ಇಲ್ಲಿ ನಿಲ್ಲದೆ ಮುಂದೆ ಹೋಗಲಾರನು. ಸ್ಮೃತಿಯು ವ್ಯಭಿಚಾರಿಭಾವ, ರತಿಯು ಸ್ಥಾಯಿ. ಸ್ಥಾಯಿಯೆಂಬ ಸಮುದ್ರದಲ್ಲಿ ವ್ಯಭಿಚಾರಿಗಳು ಅಲೆಗಳಂತೆ ಎದ್ದು ಅಡಗುವುವೆಂದು ನಮ್ಮವರು ಹೇಳುವರು. ಸಮುದ್ರವು ಬತ್ತಿಹೋಗಿ ಅಲೆಯೊಂದೇ ಉಳಿದರೆ? ಅಂತಹ ಪಾತ್ರವನ್ನು ಯಾವ ಲಕ್ಷಣಗ್ರಂಥವೂ ಗಣಿಸಿಲ್ಲ. ವಾಸನೆಯಿಲ್ಲದವರು ನಾಟ್ಯಶಾಲೆಯ ಮರ, ಗೋಡೆ, ಕಲ್ಲುಗಳಿಗೆ ಸಮಾನರೆಂಬ ಮಾತು ಸಾಹಿತ್ಯದರ್ಪಣದಲ್ಲಿ ಬರುವುದು. ಆದರೆ ಅದು ಪ್ರೇಕ್ಷಕನನ್ನು ಕುರಿತದ್ದು. ಐರೆನಿಕಸನು ನಿರ್ವಾಸನನಾದ ಪಾತ್ರ. ತಾನು ಕಲ್ಲಾಗಿರುವೆನೆಂದು ಬಲ್ಲ ಕಲ್ಲು. ಅವನು ಲೋಭಿಯೇ ಹೌದು, ಪಾಪಕಾರಿಯೇ ಹೌದು. ಆದರೆ ಧೀರೋದ್ಧತನೆನ್ನಲು ನಾಲಗೆ ಏಳುವುದಿಲ್ಲ. ಉದ್ಧತನಿಗೆ ದರ್ಪವೂ ಮಾತ್ಸರ್ಯವೂ ಬೇಕು. ಅವೂ ಭಾವಗಳೇ ಅಲ್ಲವೆ? ದಶರೂಪಕದ ಪ್ರತಿನಾಯಕಲಕ್ಷಣವು ಇವನಲ್ಲಿ ಅವ್ಯಾಪ್ತಿದೋಷಕ್ಕೆ ಗುರಿಯಾಗುವುದೆಂದು ನನ್ನ ಅಲ್ಪಮತಿಗೆ ತೋರುತ್ತದೆ.

ಇಂತಹವನಿಗೆ ನಾಯಕನಿಂದ ಬೇಕಾದುದೇನು? ಅವನ ಆತ್ಮ. ಸ್ಪೆಲ್‌ಹೋಲ್ಡ್ ಎಂಬ ದ್ವೀಪದ ಸೆರೆಮನೆಯಲ್ಲಿ ನಾಯಕನ ಆತ್ಮವನ್ನು ಕಿತ್ತು ತಾನು ಧರಿಸುವನು. ನಾಯಕನೊಡನೆ ಬೆಳೆದ ಇಮೋಯೆನಳ ಆತ್ಮವನ್ನು ಕಿತ್ತು ಬೋಧಿಗೆ ಕೊಡುವನು. ಇಮೋಯೆನಳೂ ಭಾಲನ ಮಗಳೇ ಎಂಬುದು ಆಗ ಹೊರಬೀಳುವುದು. ಆತ್ಮವನ್ನು ಕದಿಯಬಹುದೆಂಬುದು ನಮ್ಮ ಯಾವ ದರ್ಶನಕ್ಕೂ ಸಮ್ಮತವಲ್ಲ. ಅದನ್ನು ಇಲ್ಲಿ ವಾಸನಾಸಹಿತವಾದ ಅಂತಃಕರಣವೆಂದು ಅರ್ಥಮಾಡಿಕೊಂಡರೆ ಬಾಧಕವಿಲ್ಲ. ಹಾಗೆ ತಿಳಿದರೆ ಕಥೆಯ ಹೊಂದಿಕೆ ಸ್ಪಷ್ಟವಾಗುವುದು. ಕಳೆದುಕೊಂಡವನೊಬ್ಬನು ನಾಯಕನನ್ನೂ ಕಳೆದುಕೊಂಡವನನ್ನಾಗಿ ಮಾಡಿದನು. ಸಾರೆವೋಕನು ಹುಟ್ಟಿನಿಂದ ನಾಯಕನಿಗೆ ಸಮಾನನು. ಐರೆನಿಕಸನು ಹುಟ್ಟಿನಿಂದ ಏನೇನೂ ಆಗಬೇಕಾದವನಲ್ಲ, ಬಲಾತ್ಕಾರದಿಂದ ಸಮಾನನಾದವನು. ಆತ್ಮವನ್ನು ಕಳೆದುಕೊಂಡ ನಾಯಕನೊಳಗಿನಿಂದ ತಂದೆಯ ಘೋರರೂಪವು ತಲೆಯೆತ್ತುವುದು. ಆ ರೂಪವನ್ನು ಬಹಳ ಹೊತ್ತು ಧರಿಸಿದರೆ ಧರಿಸಿದವನೇ ಸಾಯುವನು. ನೀನು ಹುಟ್ಟಿನಿಂದ ಏನಾಗಿರುವೆ ಎಂಬುದು ಮೊದಲನೆಯ ಕಥೆಯ ಪ್ರಶ್ನೆಯಾಗಿತ್ತು. ಹುಟ್ಟಿನಿಂದ ಬಂದುದನ್ನು ಕಿತ್ತುಕೊಂಡ ಮೇಲೆ ನಿನ್ನಲ್ಲಿ ಉಳಿದುದೇನು ಎಂಬುದು ಎರಡನೆಯದರ ಪ್ರಶ್ನೆ.

ಪ್ರತಿನಾಯಕನಿಗೆ ಇಷ್ಟು ವಿಸ್ತಾರವು ಸಲ್ಲುವುದೆ ಎಂದು ಆಕ್ಷೇಪಿಸಬಹುದು. ಅಂಗವನ್ನು ಅತಿಯಾಗಿ ವಿಸ್ತರಿಸುವುದು ರಸದೋಷವೆಂದು ಕಾವ್ಯಪ್ರಕಾಶದಲ್ಲಿ ಮಮ್ಮಟನು ಹೇಳಿ, ಹಯಗ್ರೀವವಧದಲ್ಲಿ ಹಯಗ್ರೀವನನ್ನೇ ಬಹಳವಾಗಿ ವರ್ಣಿಸಿದುದನ್ನು ಉದಾಹರಿಸಿರುವನು. ದಂಡಿಯಾದರೋ ಶತ್ರುವಿನ ಕುಲ, ವೀರ್ಯ, ವಿದ್ಯೆಗಳನ್ನು ಹೊಗಳಿ, ಅಂತಹವನನ್ನು ಗೆದ್ದನೆಂಬುದರಿಂದ ನಾಯಕನ ಉತ್ಕರ್ಷವನ್ನು ತೋರಿಸುವ ದಾರಿಯೂ ತನಗೆ ಇಷ್ಟವೇ ಎಂದಿರುವನು. ಈ ಎರಡು ಮತಗಳೂ ನಾಯಕನು ಕವಿಯಿಂದ ಗುಣವಂತನಾಗಿ ನಿರ್ಮಿತನಾಗಿರುವನೆಂಬುದನ್ನು ಒಪ್ಪಿಕೊಂಡು ಹೊರಟವು. ನಾಯಕಸ್ಥಾನವೇ ಶೂನ್ಯವಾಗಿರುವಲ್ಲಿ ಉತ್ಕರ್ಷವು ಯಾರಿಗೆ, ಅಪಕರ್ಷವು ಯಾರಿಗೆ? ಅಲ್ಲಿ ನಾಯಕನ ಬಾಹ್ಯರೇಖೆಯನ್ನು ಬರೆಯತಕ್ಕವನು ಪ್ರತಿನಾಯಕನೊಬ್ಬನೇ. ಆದುದರಿಂದ ಈ ಪ್ರಕಾರದಲ್ಲಿ ಅವನ ವಿಸ್ತಾರವು ದೋಷವಲ್ಲ, ಅವಶ್ಯಕವು.

ನಿಜವಾದ ದೋಷವು ಬೇರೆಡೆ ಇದೆ. ಐರೆನಿಕಸನೂ ಇಮೋಯೆನಳೂ ಅಥ್ಕಾಟ್ಲಾ ನಗರದಲ್ಲಿ ಅನುಮತಿಯಿಲ್ಲದೆ ಮಂತ್ರಪ್ರಯೋಗ ಮಾಡಿದ ಅಪರಾಧಕ್ಕಾಗಿ ಬಂಧಿತರಾಗಿ ದ್ವೀಪಕ್ಕೆ ಸಾಗಿಸಲ್ಪಡುವರು. ಅಲ್ಲಿಗೆ ಹೋಗುವ ದಾರಿಯನ್ನು ತೋರಿಸಲು ನಗರದ ಕಳ್ಳರ ಕೂಟವು 20,000 ಹೊನ್ನುಗಳನ್ನು ಕೇಳುವುದು. ಆ ಹಣಕ್ಕಾಗಿ ನಾಯಕನು ಕೋಟೆಯೊಂದನ್ನು ಬಿಡಿಸುವನು, ಹಳ್ಳಿಯೊಂದರ ಭಯವನ್ನು ನೀಗುವನು, ಸರ್ಕಸ್ಸಿನ ಡೇರೆಯಲ್ಲಿ ಮಾಯೆಯನ್ನು ಬಿಡಿಸುವನು, ಗುಡಿಗಳ ಜಗಳಗಳನ್ನು ತೀರಿಸುವನು. ಒಂದೊಂದೂ ಸೊಗಸಾದ ಕಥೆಯೇ. ಆದರೆ ಜೊತೆಯಲ್ಲಿ ಬೆಳೆದ ಹುಡುಗಿಯು ಸೆರೆಯಲ್ಲಿ ನರಳುತ್ತಿರುವಾಗ ಅಣ್ಣನಾದವನು ವಾರಗಟ್ಟಲೆ ಊರೂರು ಸುತ್ತುತ್ತಿರುವನಲ್ಲ! ಅಂಗಿಯ ಅನನುಸಂಧಾನ, ಎಂದರೆ ಪ್ರಧಾನವಾದುದನ್ನೇ ಮರೆಯುವುದು, ಎಂಬ ದೋಷಕ್ಕೆ ರತ್ನಾವಳಿಯ ನಾಲ್ಕನೆಯ ಅಂಕದಲ್ಲಿ ಸಾಗರಿಕೆಯನ್ನು ಮರೆತುದನ್ನು ಮಮ್ಮಟನು ಉದಾಹರಿಸಿರುವನು. ಇದನ್ನು ನೋಡಿದ್ದರೆ ಆ ಉದಾಹರಣೆಯನ್ನು ಕೈಬಿಟ್ಟು ಇದನ್ನೇ ಹಿಡಿಯುತ್ತಿದ್ದನೋ ಏನೋ. ಸಮಯದ ಕಟ್ಟು ಇಲ್ಲದಿರುವುದರಿಂದ ಆಡುವವನ ಸ್ವಾತಂತ್ರ್ಯವು ಹೆಚ್ಚಿತೆಂದು ನನ್ನ ಸೋದರಳಿಯನು ವಾದಿಸುವನು. ಸ್ವಾತಂತ್ರ್ಯವು ಹೆಚ್ಚಿತು, ನಿಜ, ಉತ್ಸಾಹವು ಚದುರಿತು. ಮೊದಲನೆಯ ಕಥೆಯಲ್ಲಿಯೂ ಅಡ್ಡಕಥೆಗಳುಂಟಾದರೂ ಅಲ್ಲಿ ನಾಯಕನು ಏನನ್ನೂ ಅರಿಯದವನಾದುದರಿಂದ ಅಲೆದಾಟವು ಅನುಚಿತವೆನಿಸದು.

ಈಗ ನನ್ನ ಮುಖ್ಯವಾದ ಅಭಿಪ್ರಾಯವನ್ನು ತಿಳಿಸುತ್ತೇನೆ, ಬಲ್ಲವರು ವಿಚಾರಿಸಬೇಕು. ಇದು ನನ್ನದು, ಇದು ಶತ್ರುವಿನದು, ಇದು ತಟಸ್ಥನದು ಎಂಬ ಸಂಬಂಧಬುದ್ಧಿ ಕಳಚಿದಲ್ಲದೆ ರಸಾಸ್ವಾದವಿಲ್ಲವೆಂಬುದು ಭಟ್ಟನಾಯಕ, ಅಭಿನವಗುಪ್ತರಿಂದ ನಮಗೆ ಬಂದ ಸಿದ್ಧಾಂತ. ತನ್ನ ಸುಖದುಃಖಗಳಲ್ಲಿ ಮುಳುಗುವಿಕೆಯನ್ನು ಅಭಿನವಗುಪ್ತನು ರಸವಿಘ್ನಗಳಲ್ಲಿ ಎಣಿಸಿರುವನು. ಪಾತ್ರಧಾರಣದ ಆಟದಲ್ಲಿ ನಾಯಕನಿಗೆ ಬಂದ ಕಷ್ಟವು ಆಡುವವನದೇ ಕಷ್ಟ. ಐರೆನಿಕಸನು ಆತ್ಮವನ್ನು ಕಿತ್ತಾಗ ಸೋದರಳಿಯನು ಮೇಜನ್ನು ಗುದ್ದಿ ಕೂಗಿದನು. ಅದು ಕ್ರೋಧವೇ ಹೊರತು ರೌದ್ರವಲ್ಲ. ಸಂತೆಯಲ್ಲಿ ಗಂಟು ಕಳೆದುಕೊಂಡವನ ಕೋಪಕ್ಕಿಂತ ಬೇರೆಯದಲ್ಲ. ನಾಯಕನು ಗೆದ್ದಾಗ ಬರುವ ಹಿಗ್ಗೂ ಹಾಗೆಯೇ, ಲೌಕಿಕವಾದ ಉತ್ಸಾಹ. ಆದರೆ ಪ್ರತಿನಾಯಕನನ್ನು ಆಡುವವನು ಆಡಿಸುವುದಿಲ್ಲ. ಅವನ ಮಾತುಗಳನ್ನು ಆರಿಸುವುದಿಲ್ಲ. ಅವನ ಲಾಭನಷ್ಟಗಳು ತನ್ನವಲ್ಲ. ಅವನೊಬ್ಬನನ್ನು ಮಾತ್ರ ಪ್ರೇಕ್ಷಕನು ರಂಗವನ್ನು ನೋಡುವ ದೂರದಿಂದ ನೋಡುವನು. ಆದುದರಿಂದ ಸಾಧಾರಣೀಕರಣವು ಈ ಪ್ರಕಾರದಲ್ಲಿ ನಡೆಯುವುದಾದರೆ ಪ್ರತಿನಾಯಕನಲ್ಲಿಯೇ ನಡೆಯಬೇಕು. ಎಲೆಸೀಮಳ ಎದುರಿನಲ್ಲಿ ಐರೆನಿಕಸನು ನಿಂತ ಗಳಿಗೆಯಲ್ಲಿ ಸೋದರಳಿಯನು ಸುಮ್ಮನಾದನು. ಅವನ ಕೈ ಕೀಲಿಮಣೆಯ ಮೇಲೆ ಹಾಗೆಯೇ ನಿಂತಿತು. ಎರಡು ಮಳೆಗಾಲಗಳಲ್ಲಿ ರಸವೆಂದು ನಾನು ನಿಸ್ಸಂದೇಹವಾಗಿ ಹೇಳಬಲ್ಲುದು ಆ ಒಂದು ಗಳಿಗೆಯನ್ನೇ. ಅದು ಕರುಣ, ಅದರ ಆಲಂಬನನು ಶತ್ರು.

ಸಾರೆವೋಕನಲ್ಲಿ ಇದು ಸಾಧ್ಯವಾಗಲಿಲ್ಲ. ಅವನನ್ನು ಪರದೆಯ ಹಿಂದೆ ಇಟ್ಟುದರಿಂದ ಕುತೂಹಲವು ಬೆಳೆಯಿತು, ಕರುಣವು ಬೆಳೆಯಲಿಲ್ಲ. ನಾಯಕ–ಪ್ರತಿನಾಯಕರ ಸಂಬಂಧದ ಔಚಿತ್ಯದಲ್ಲಿಯೂ ಕಥೆಯ ಬಿಗುವಿನಲ್ಲಿಯೂ ಮೊದಲನೆಯ ಆಟವು ಮೇಲು. ಪಾತ್ರದಲ್ಲಿ ಎರಡನೆಯದು ಮೇಲು. ಎರಡರಲ್ಲಿ ಒಂದನ್ನೇ ಪಾಠ ಹೇಳಬೇಕಾಗಿ ಬಂದರೆ ಮೊದಲನೆಯದನ್ನು ಆರಿಸಿಯೇನು. ಒಂದನ್ನೇ ಮತ್ತೆ ನೋಡಬೇಕಾದರೆ ಎರಡನೆಯದನ್ನು.

ಕವಿಗಳಿಗೂ ಸಾರೆವೋಕನ ವಿಷಯದಲ್ಲಿ ಸಾಲ ಉಳಿಯಿತೆಂದು ತೋರಿರಬೇಕು. ಐರೆನಿಕಸನು ಸತ್ತಾಗ ಅವನ ಸಂಗಡ ನಾಯಕನೂ ನರಕಕ್ಕೆ ಎಳೆಯಲ್ಪಡುವನು. ಅಲ್ಲಿ ಅಹಂಕಾರ, ಭಯ, ಸ್ವಾರ್ಥ, ಲೋಭ, ಕ್ರೋಧ ಎಂಬವುಗಳಲ್ಲಿ ಐದು ಪರೀಕ್ಷೆಗಳು. ಕ್ರೋಧದ ಪರೀಕ್ಷೆಯಲ್ಲಿ ಬಂದು ಕೆಣಕುವವನು ಸಾರೆವೋಕನ ಪ್ರೇತ. ನಮ್ಮವರ ಅರಿಷಡ್ವರ್ಗವನ್ನು ನೆನೆಯದಿರುವುದು ಕಷ್ಟ. ಆದರೆ ಆ ಕವಿಗಳು ನಮ್ಮಿಂದ ತೆಗೆದುಕೊಂಡರೆಂದು ಹೇಳುವುದು ಸಾಹಸವಾದೀತು. ಸ್ವಾರ್ಥದ ಪರೀಕ್ಷೆಯಲ್ಲಿ ಜೊತೆಗಾರನೊಬ್ಬನನ್ನು ಬಲಿಕೊಡಬೇಕು, ಇಲ್ಲವೆ ತನ್ನ ಬಲದಲ್ಲಿಯೇ ಒಂದಂಶವನ್ನು ಶಾಶ್ವತವಾಗಿ ಬಿಡಬೇಕು. ಸೋದರಳಿಯನು ಜೊತೆಗಾರನನ್ನು ಕೊಟ್ಟನು. ನಾನು ಬಲವನ್ನು ಕೊಟ್ಟು, ಆಮೇಲಿನ ಯುದ್ಧದಲ್ಲಿ ಆರು ಸಲ ಸತ್ತೆನು.

2001ರ ಪರಿಶಿಷ್ಟದಲ್ಲಿ ಸಾರೆವೋಕನು ಮತ್ತೆ ಬರುವನು, ಈ ಸಲ ಯಾಚಕನಾಗಿ. ನಾಯಕನ ಆತ್ಮದ ಒಂದು ತುಣುಕನ್ನು ಕೇಳುವನು. ಕೊಟ್ಟರೆ ಪುನರ್ಜೀವಿತನಾಗಿ ಜೊತೆಯಲ್ಲಿ ನಡೆಯುವನು. ಐರೆನಿಕಸನು ಕಸಿದುಕೊಂಡುದನ್ನೇ ಇವನು ಬೇಡಿ ಪಡೆಯುವನೆಂಬುದನ್ನು ಗಮನಿಸಬೇಕು. ದಾರಿಯುದ್ದಕ್ಕೂ ಅವನೊಡನೆ ತಾಳ್ಮೆಯಿಂದ ಸಂಭಾಷಿಸಿದರೆ ಅವನ ಶೀಲವೇ ದುಷ್ಟತ್ವವನ್ನು ಬಿಟ್ಟು ಒಳ್ಳಿತಿನ ಕಡೆಗೆ ತಿರುಗುವುದು. ಗೋರಿಯನನನ್ನು ಕೊಂದವನೊಡನೆ ಒಂದೇ ಬೆಂಕಿಯ ಸುತ್ತ ಕುಳಿತು ಮಾತಾಡುವ ಆ ರಾತ್ರಿಗಳಲ್ಲಿ, ಟಮೋಕೊಳ ಬೇಡಿಕೆಯು ತಡವಾಗಿಯಾದರೂ ಸಂದಿತು. ಕಡೆಯಲ್ಲಿ ನಾಯಕನು ತಂದೆಯ ದೇವಪೀಠವನ್ನು ಏರಬಹುದು, ಇಲ್ಲವೆ ಅದನ್ನು ತೊರೆದು ಮರ್ತ್ಯನಾಗಿಯೇ ಉಳಿಯಬಹುದು. ಸೋದರಳಿಯನು ಪೀಠವನ್ನು ಏರಿದನು, ನಾನು ತೊರೆದೆನು. ನಮ್ಮಿಬ್ಬರ ನಾಯಕರಿಗೂ ಹೆಸರು ಬೇರೆ, ಕುಲ ಬೇರೆ, ಶೀಲ ಬೇರೆ, ಫಲ ಬೇರೆ. ಐರೆನಿಕಸನು ಎಲೆಸೀಮಳಿಗೆ ಕೊಟ್ಟ ಉತ್ತರವು ಮಾತ್ರ ಇಬ್ಬರ ಆಟದಲ್ಲಿಯೂ ಒಂದಕ್ಷರವೂ ವ್ಯತ್ಯಾಸವಿಲ್ಲದೆ ಇದ್ದಿತು.